ಹತ್ತು ದಿನದಲ್ಲಿ ಸಬ್ಮಿಷನ್, ಹಿನ್ನೆಲೆಯ ಬಣ್ಣ ಇನ್ನೂ ಹಸಿ

ಪ್ರಶ್ನೆ – ಕಿಟಕಿಬೆಳಕು:
24×36 ಇಂಚಿನ ಕ್ಯಾನ್ವಾಸ್, ಆಯಿಲ್ ಪೇಂಟ್. ಕಿಟಕಿ ಪಕ್ಕ ಕೂತ ಮುದುಕಿ, ಎಡಗಡೆಯಿಂದ ತಣ್ಣನೆಯ ಬೆಳಕು. ಹಿನ್ನೆಲೆಗೆ ಐವರಿ ಬ್ಲ್ಯಾಕ್, ಟೈಟೇನಿಯಂ ವೈಟ್, ಚೂರು ಅಲಿಜರಿನ್ (ಗಾಢ ಕೆಂಪು) ಬೆರೆಸಿ, ಲಿನ್ಸೀಡ್ (ಅಗಸೆ) ಎಣ್ಣೆ ಧಾರಾಳವಾಗಿ ಸೇರಿಸಿ ಬಳಿದಿದ್ದೇನೆ. ವಾರವಾದರೂ ಬೆರಳಿಗೆ ಅಂಟುತ್ತಿದೆ. ಮುಖದ ನೆರಳು ತಿದ್ದಿದಷ್ಟೂ ಕೆಸರಾಗುತ್ತಿದೆ. ಕೈಗಳು ಇನ್ನೂ ಸ್ಕೆಚ್ ಹಂತದಲ್ಲೇ ಇವೆ. ಹೇರ್ ಡ್ರೈಯರ್ ಹಿಡಿಯಲಾ? ಹಿನ್ನೆಲೆ ಮೇಲೆ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಬಳಿದು ಮುಗಿಸಲಾ? ಕೊನೆಗೆ ವಾರ್ನಿಷ್ ಬೇಕೇ ಬೇಕಾ?

ಅಗಸೆಎಣ್ಣೆ:
ಮೂರಕ್ಕೂ ಬೇಡ. ಆಯಿಲ್ ಪೇಂಟ್ ನೀರಾರಿದಂತೆ ಆರುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಡ್ರೈಯರ್ ಹಿಡಿದರೆ ಹಾಲಿನ ಕೆನೆಯ ಹಾಗೆ ಮೇಲೊಂದು ಪೊರೆ ಕಟ್ಟಿ ಸುಕ್ಕುಗಟ್ಟಬಹುದು, ಒಳಗೆ ಹಸಿಯೇ ಉಳಿಯುತ್ತದೆ. ಅಕ್ರಿಲಿಕ್ ಎಣ್ಣೆಯ ಪದರಕ್ಕೆ ಕಚ್ಚಿಕೊಳ್ಳುವುದಿಲ್ಲ, ಆಮೇಲೆ ಹಾಳೆಯಾಗಿ ಏಳುತ್ತದೆ. ಅಕ್ರಿಲಿಕ್ ಮೇಲೆ ಆಯಿಲ್ ಆಗುತ್ತದೆ, ತಿರುಗಾಮುರುಗಾ ಆಗದು.

ನಿಮ್ಮ ಮಿಶ್ರಣವೇ ನಿಧಾನದ್ದು: ಐವರಿ ಬ್ಲ್ಯಾಕ್, ಅಲಿಜರಿನ್, ಟೈಟೇನಿಯಂ ವೈಟ್ ಮೂರೂ ತಡವಾಗಿ ಒಣಗುವ ಬಣ್ಣಗಳು. ಅದಕ್ಕೆ ಹೆಚ್ಚುವರಿ ಎಣ್ಣೆ ಬೇರೆ. ಅಂಬರ್ ಎಂಬ ಕಂದು ಮಣ್ಣಿನ ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತವೆ.

ಫೈನಲ್ ವಾರ್ನಿಷ್ ಯೋಚನೆ ಈಗ ಬಿಡಿ, ಅದಕ್ಕೆ ಆರು ತಿಂಗಳಾದರೂ ಕಾಯಬೇಕು. ಗಾಢ ಬಣ್ಣ ಅಲ್ಲಲ್ಲಿ ಮಂಕಾಗಿ ಕಂಡರೆ, ಬೆರಳಿಗೆ ಅಂಟದ ಭಾಗಕ್ಕೆ ಮಾತ್ರ ರಿಟಚ್ ವಾರ್ನಿಷ್ (ತಾತ್ಕಾಲಿಕ ತೆಳು ವಾರ್ನಿಷ್) ತೆಳ್ಳಗೆ ಒಂದು ಕೈ ಸಾಕು.

ಕಿಟಕಿಬೆಳಕು:
ಹಾಗಾದರೆ ಹಿನ್ನೆಲೆ ಕೆರೆದು ತೆಗೆಯಲಾ? ಅಥವಾ ಅದರ ಮೇಲೇ ಆಲ್ಕಿಡ್ ಮೀಡಿಯಂ (ಆಯಿಲ್ ಪೇಂಟ್ ಬೇಗ ಒಣಗಿಸುವ ದ್ರವ) ಬೆರೆಸಿದ ಬಣ್ಣ ಬಳಿಯಲಾ?

ಅಗಸೆಎಣ್ಣೆ:
ಕೆರೆಯಿರಿ. ಹಸಿ ಪದರದ ಮೇಲೆ ಬೇಗ ಒಣಗುವ ಪದರ ಕೂತರೆ, ಕೆಳಗಿನದು ಆಮೇಲೆ ಅಲುಗಾಡಿ ಮೇಲಿನದು ಬಿರುಕು ಬಿಡುತ್ತದೆ. ಪ್ಯಾಲೆಟ್ ನೈಫ್ ಮಲಗಿಸಿ ಹಿಡಿದು ಎಳೆಯಿರಿ, ಕ್ಯಾನ್ವಾಸಿಗೆ ಒತ್ತಬೇಡಿ. ಉಳಿದದ್ದನ್ನು ಟರ್ಪೆಂಟೈನ್ ತುಸುವೇ ಹಚ್ಚಿದ ಬಟ್ಟೆಯಿಂದ ಒರೆಸಿ. ಕಲೆ ಉಳಿದರೆ ಉಳಿಯಲಿ, ಒಳ್ಳೆಯ ಮಧ್ಯಮ ಟೋನ್ (ತೀರಾ ಬೆಳಕೂ ಅಲ್ಲ, ತೀರಾ ಕಪ್ಪೂ ಅಲ್ಲದ ಮಟ್ಟ) ಆಗುತ್ತದೆ. ಒಂದು ದಿನ ಗಾಳಿಗೆ ಬಿಟ್ಟು, ಬರ್ಂಟ್ ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಸೇರಿಸಿದ ಕಪ್ಪಿನಿಂದ ತೆಳ್ಳಗೆ ಬಳಿಯಿರಿ. ಬೆರೆಸುವ ಆಲ್ಕಿಡ್ ಮೀಡಿಯಂ, ಬಣ್ಣದ ಕಾಲು ಭಾಗ ಮೀರದಿರಲಿ. ತೆಳು ಪದರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮುಟ್ಟಲು ಒಣಗುತ್ತದೆ. ಅಂಟಲು ಶುರುವಾದ ಮೇಲೆ ಮತ್ತೆ ಬ್ರಷ್ ಆಡಿಸಬೇಡಿ, ಬಣ್ಣ ಕಿತ್ತು ಬರುತ್ತದೆ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಒಣಗುವಾಗ ಬಿಸಿಯಾಗಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರು ತುಂಬಿ ಮುಚ್ಚಿದ ಲೋಹದ ಡಬ್ಬಿಯಲ್ಲಿಡಿ.

ಮೂರುಟೋನ್:
ಮುಖದ ಬಗ್ಗೆ ನಾನು ಹೇಳುತ್ತೇನೆ. ಕೆಸರಾಗಲು ಸಾಮಾನ್ಯ ಕಾರಣ ನೆರಳಿಗೆ ಬಿಳಿ ಬೆರೆಸುವುದು, ಆಮೇಲೆ ಹಸಿ ಬಣ್ಣದ ಮೇಲೆ ಅದೇ ಬ್ರಷ್ಷಿನಿಂದ ಉಜ್ಜುತ್ತಲೇ ಇರುವುದು. ಮೊದಲು ಆ ಭಾಗದ ಮೇಲೆ ಹಳೇ ಪತ್ರಿಕೆ ಇಟ್ಟು ಅಂಗೈಯಿಂದ ಒತ್ತಿ ಮೆಲ್ಲಗೆ ಎತ್ತಿ. ಮೇಲಿನ ಬಣ್ಣ ಕಾಗದಕ್ಕೆ ಬರುತ್ತದೆ, ರೇಖೆ ಉಳಿಯುತ್ತದೆ. ಆಮೇಲೆ ಪ್ಯಾಲೆಟ್ಟಿನಲ್ಲೇ ಬೆಳಕು, ನಡು, ನೆರಳು ಎಂದು ಮೂರು ಗುಡ್ಡೆ ಕಲಸಿಕೊಳ್ಳಿ, ಒಂದೊಂದಕ್ಕೂ ಬೇರೆ ಬ್ರಷ್. ಬೆಳಕು ತಣ್ಣಗಿರುವುದರಿಂದ ನೆರಳು ಬೆಚ್ಚಗಿರಲಿ: ಬರ್ಂಟ್ ಅಂಬರ್‌ಗೆ ಚೂರು ಬರ್ಂಟ್ ಸಿಯೆನ್ನಾ (ಕೆಂಗಂದು), ತೆಳ್ಳಗೆ, ಬಿಳಿ ಇಲ್ಲದೆ. ದಪ್ಪ ಬಣ್ಣ ಬೆಳಕಿನ ಕಡೆಗೆ ಮೀಸಲು. ಒಂದು ಗೀಟು ಇಟ್ಟು ಕೈ ತೆಗೆಯಿರಿ.

ಆದರೂ ಮೊದಲು ಚಿತ್ರದ ಕೈಗಳ ಕೆಲಸ ಹಿಡಿಯಿರಿ! ಖಾಲಿ ಕೈಗಳ ಪಕ್ಕ ಮುಖದ ಟೋನ್ ಸರಿಯೋ ತಪ್ಪೋ ಗೊತ್ತಾಗುವುದೇ ಇಲ್ಲ. ನಾಲ್ಕು ಬೆರಳನ್ನೂ ಸೇರಿಸಿ ಒಂದೇ ಆಕಾರವಾಗಿ ತೆಗೆದುಕೊಂಡು, ಬೆಳಕು ಮತ್ತು ನೆರಳು ಎರಡೇ ಟೋನ್ ಕೂರಿಸಿ. ಬೆರಳು ಬಿಡಿಸುವ ಗೆರೆ ಕೊನೆಗೆ. ಉಗುರು ಸಮಯ ಉಳಿದರೆ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ: ಕೈ ಮುಖಕ್ಕಿಂತ ಬೆಳ್ಳಗೆ ಎದ್ದು ಕಂಡರೆ ಒಂದು ಹಂತ ಇಳಿಸಿ.

ಕೊನೆಯ ಮೂರು ದಿನ ಬ್ರಷ್ ಮುಟ್ಟಬೇಡಿ, ಆಲ್ಕಿಡ್ ಇಲ್ಲದ ದಪ್ಪ ಗೀಟುಗಳನ್ನಂತೂ ಅದಕ್ಕೂ ಮೊದಲೇ ಮುಗಿಸಿ. ಅಷ್ಟಾದರೂ ಒಣಗದಿದ್ದರೆ, ಅದೇ ಅಳತೆಯ ಖಾಲಿ ಕ್ಯಾನ್ವಾಸನ್ನು ಎದುರು-ಬದುರಾಗಿ ಇಟ್ಟು, ನಾಲ್ಕು ಮೂಲೆಗೂ ನಡುವೆ ಕಾರ್ಕ್ ತುಂಡು ಕೊಟ್ಟು, ಕ್ಲಿಪ್ ಹಾಕಿ ಸಾಗಿಸಬಹುದು.