ಮಳೆಗಾಲದಲ್ಲಿ ಅಪ್ಪಯ್ಯನ ನಿದ್ದೆ ತಪ್ಪಿದೆ, ಗುಣ ಕಂಡವರಿದ್ದರೆ ಹೇಳಿ

ನಮ್ಮದು ಶಿರಸಿ ಹತ್ತಿರ ತೋಟದ ಮನೆ. ಮಳೆ ಹಿಡಿದ ಮೇಲೆ ಅಪ್ಪಯ್ಯ ಹಗಲಿಡೀ ನಡುಮನೆಯಲ್ಲಿ ತೂಕಡಿಸುತ್ತಾರೆ, ರಾತ್ರಿ ಎರಡಕ್ಕೇ ಎದ್ದು ಕೂರುತ್ತಾರೆ. ನಿದ್ದೆ ಮಾತ್ರೆ ಶುರು ಮಾಡುವ ಮೊದಲು ಬೇರೆ ದಾರಿ ಇದೆಯೇ?

ಸಿದ್ದಾಪುರದಿಂದ:
ನಮ್ಮ ಅತ್ತೆಗೂ ಹೀಗೇ ಆಗಿತ್ತು. ಮೊದಲು ಅಪ್ಪಯ್ಯ ಕೂರುವ ಜಾಗ ಬದಲಿಸಿ. ನಮ್ಮ ಹಳೇ ಮನೆಗಳ ನಡುಮನೆ ಆಷಾಢದಲ್ಲಿ ಮಧ್ಯಾಹ್ನವೂ ಕತ್ತಲೆ. ದೀಪ ಹಾಕಿದರೂ ಸಾಮಾನ್ಯವಾಗಿ ನೂರಿನ್ನೂರು ಲಕ್ಸ್ (ಬೆಳಕಿನ ಅಳತೆ) ಅಷ್ಟೇ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸುವುದಕ್ಕೇ ಕಣ್ಣಿನೊಳಗೆ ಬೇರೆ ಜೀವಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು 480 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ನೀಲಿ ಬೆಳಕಿಗೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಆ ನೀಲಿಯನ್ನೇ ತಡೆಯುತ್ತದೆ. ಮೊಮ್ಮಕ್ಕಳಿಗೆ ಸಾಕಾಗುವ ಬೆಳಕು ಅಜ್ಜನಿಗೆ ಸಾಲದು.

ಬೆಳಿಗ್ಗೆ ತಿಂಡಿ ಆದ ಕೂಡಲೇ ಅತ್ತೆಯ ಕುರ್ಚಿಯನ್ನು ಜಗಲಿಯ ತುದಿಗೆ ಹಾಕುತ್ತಿದ್ದೆವು, ಎರಚಲು ತಾಗದಷ್ಟೇ ಒಳಗೆ, ಮುಖ ಅಂಗಳದ ಕಡೆಗೆ. ಬತ್ತಿ ಹೊಸೆಯುವುದು, ಕವಳ ಹಾಕುವುದು, ಬಂದವರ ಹತ್ತಿರ ಮಾತು, ಎಲ್ಲಾ ಅಲ್ಲೇ. ಮಳೆ ಹೊಳವಾದರೆ ಕೈ ಹಿಡಿದು ದಣಪೆಯವರೆಗೆ ಒಂದು ಸುತ್ತು. ಊಟದ ಮೇಲಿನ ನಿದ್ದೆ ಅರ್ಧ ಗಂಟೆಗೆ ಇಳಿಸಿದೆವು. ಅದಕ್ಕೆ ಅತ್ತೆ ಒಪ್ಪುವುದೇ ಕಷ್ಟವಾಯಿತು. ಒಂದೆರಡು ದಿನದಲ್ಲಿ ಫಲ ಕಾಣಲಿಲ್ಲ, ಬಿಡದೆ ಮಾಡಿದ ಮೇಲೆ ರಾತ್ರಿ ನಿದ್ದೆ ನಿಧಾನವಾಗಿ ಕೂಡಿಬಂತು.

ಕುಮಟಾದಿಂದ:
ರಾತ್ರಿ ಬಚ್ಚಲಿಗೆ ಎದ್ದಾಗ ಬಿಳಿ ಟ್ಯೂಬ್‌ಲೈಟ್ ಹಾಕಬೇಡಿ. ಆ ಬೆಳಕಿಗೆ ದೇಹವನ್ನು ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಹಾರ್ಮೋನು ಇಳಿಯುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ. ಗೋಡೆಯ ಬುಡಕ್ಕೆ ಸಣ್ಣ ಹಳದಿ ಬಲ್ಬು ಹಾಕಿಸಿ. ಪೂರ್ತಿ ಕತ್ತಲೆಯೂ ಬೇಡ, ವಯಸ್ಸಾದವರು ಎಡವಿ ಬೀಳುತ್ತಾರೆ.

ಕಾರವಾರದಿಂದ:
ನಾನು ರಾತ್ರಿ ಪಾಳಿಯ ನರ್ಸ್. ನನಗೆ ಬೇಕಾದದ್ದು ನಿಮಗೆ ತದ್ವಿರುದ್ಧ: ಬೆಳಿಗ್ಗೆ ಮನೆಗೆ ಬರುವಾಗ ಬಸ್ಸಿನಲ್ಲಿ ಕಪ್ಪು ಕನ್ನಡಕ, ಮಲಗುವ ಕೋಣೆಗೆ ದಪ್ಪ ಪರದೆ. ಇಲ್ಲದಿದ್ದರೆ ಬಿಸಿಲು ನಿದ್ದೆಯನ್ನೇ ಓಡಿಸುತ್ತದೆ.

ಒಂದು ಮಾತು ಕೇಳಬೇಕು, ಅಪ್ಪಯ್ಯ ಮಲಗುವುದು ಎಷ್ಟು ಗಂಟೆಗೆ? ಎಂಟಕ್ಕೇ ಮಲಗಿದರೆ ಎರಡರ ಹೊತ್ತಿಗೆ ಆರು ತಾಸು ಆಗಿಹೋಯಿತು. ಹಾಗಿದ್ದರೆ ಸಂಜೆಯ ಬೆಳಕು ಮುಖ್ಯ. ಅದು ದೇಹದ ಗಡಿಯಾರವನ್ನು ತಡ ಮಾಡುತ್ತದೆ, ನಿದ್ದೆ ಬರುವುದೂ ಏಳುವುದೂ ತಡವಾಗುತ್ತದೆ. ಸಂಜೆ ಜಗಲಿಯಲ್ಲೇ ಕೂರಿಸಿ, ಕತ್ತಲಾದ ಮೇಲೂ ಒಂದಿಷ್ಟು ಹೊತ್ತು ದೀಪ ಚೆನ್ನಾಗಿರಲಿ. ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಮೂತ್ರಕ್ಕೆ ಪದೇಪದೇ ಏಳುತ್ತಿದ್ದರೆ ಬೆಳಕನ್ನೇ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.