ಅಲಬಾಮಾ: ಜೈಲಿನ ಊಟದ ದುಡ್ಡು, ಅಂಗಡಿಯ ಲಾಭ – ಷೆರಿಫ್ ಯಾವುದನ್ನು ಎಲ್ಲಿ ಖರ್ಚು ಮಾಡಬಹುದು?

ಮಾಧುರಿ_ಹಂಟ್ಸ್‌ವಿಲ್

ಇಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಪಕ್ಕದ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಜೈಲಿನ ಹಣವನ್ನು ಷೆರಿಫ್, ಅಂದರೆ ಜೈಲು ನಡೆಸುವ ಕೌಂಟಿ ಪೊಲೀಸ್ ಮುಖ್ಯಸ್ಥ, ಹೇಗೆ ಬಳಸಬೇಕು ಅಂತ ಒಂದು ಸ್ಥಳೀಯ ಮಸೂದೆಯ (ಆ ಒಂದು ಕೌಂಟಿಗೆ ಮಾತ್ರದ ಮಸೂದೆ) ಮಾತು ನಡೀತಿದೆ. 2019ರಲ್ಲೇ ರಾಜ್ಯಕ್ಕೆಲ್ಲ ಕಾನೂನು ಬಂತಲ್ಲ, ಮತ್ತೆ ಯಾಕೆ? ಕೌಂಟಿ ಕಮಿಷನ್ನೇ (ಕೌಂಟಿಯ ಆಡಳಿತ ಮಂಡಳಿ) ಒಂದು ನಿರ್ಣಯ ಮಾಡಿದರೆ ಸಾಲದಾ? ಮಸೂದೆ ಕೈಗೆ ಸಿಕ್ಕರೆ ಯಾವ ಸಾಲುಗಳನ್ನು ನೋಡಬೇಕು?

ಶ್ರೀಧರ_ಕೆ

2019ರ ಕಾನೂನು ಊಟದ ದುಡ್ಡಿಗೆ ಮಾತ್ರ. ಅದಕ್ಕೆ ಮುಂಚೆ ರಾಜ್ಯ ಸರ್ಕಾರ ದಿನಕ್ಕೆ ಒಬ್ಬ ಕೈದಿಗೆ 1.75 ಡಾಲರ್ ಕೊಡುತ್ತಿತ್ತು. ಊಟ ಹಾಕಿ ಉಳಿದದ್ದು ಷೆರಿಫ್‌ನದೇ, ಕಡಿಮೆ ಬಿದ್ದರೆ ತುಂಬುವ ಹೊಣೆಯೂ ಅವನದೇ, ಅಂತ ಹಳೇ ಕಾನೂನನ್ನು ಹಲವು ಷೆರಿಫ್‌ಗಳು ಓದುತ್ತಿದ್ದರು. ಲೆಕ್ಕ ಹಾಕಿ: 250 ಕೈದಿಗಳ ಜೈಲಿಗೆ ವರ್ಷಕ್ಕೆ ಸುಮಾರು 1,59,700 ಡಾಲರ್. ತಲೆಗೆ ದಿನಕ್ಕೆ 25 ಸೆಂಟ್ ಉಳಿಸಿದರೂ ವರ್ಷಕ್ಕೆ 22,800 ಡಾಲರ್ ಜೇಬಿಗೆ. ಊಟ ಕೆಟ್ಟಷ್ಟೂ ಲಾಭ, ಇದೇ ಆ ವ್ಯವಸ್ಥೆಯ ಮೂಲ ರೋಗ.

ಮಾರ್ಗನ್ ಕೌಂಟಿಯ ಷೆರಿಫ್ ಗ್ರೆಗ್ ಬಾರ್ಟ್ಲೆಟ್ ಮೂರು ವರ್ಷದಲ್ಲಿ ಹೀಗೆ ಸುಮಾರು 2,12,000 ಡಾಲರ್ ಇಟ್ಟುಕೊಂಡಿದ್ದರು. ಅಗ್ಗಕ್ಕೆ ಸಿಕ್ಕ ಒಂದು ಟ್ರಕ್ ಕಾರ್ನ್ ಡಾಗನ್ನೇ (ಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜ್) ಕೈದಿಗಳಿಗೆ ವಾರಗಟ್ಟಲೆ ದಿನಕ್ಕೆರಡು ಹೊತ್ತು ಬಡಿಸಿದ್ದು ವಿಚಾರಣೆಯಲ್ಲಿ ಹೊರಬಂತು. 2009ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಅವರನ್ನೇ ಒಳಗೆ ಹಾಕಿದರು. 2018ರಲ್ಲಿ ಎಟೋವಾ ಕೌಂಟಿಯ ಷೆರಿಫ್ ಮೂರು ವರ್ಷದಲ್ಲಿ 7,50,000 ಡಾಲರಿಗೂ ಹೆಚ್ಚು ಪಡೆದದ್ದು ಅವರೇ ಸಲ್ಲಿಸಿದ್ದ ಆದಾಯದ ಘೋಷಣೆಯಿಂದ ಬಯಲಾಯಿತು. ಆ ಗಲಾಟೆಯ ನಂತರವೇ ಶಾಸನಸಭೆ ಎಚ್ಚೆತ್ತದ್ದು.

ಈಗಿನ ನಿಯಮ ಹೀಗಿದೆ. 2019ರ ಕಾನೂನು ದರವನ್ನು 2.25 ಡಾಲರಿಗೆ ಏರಿಸಿತು. ಹಣ ಕೈದಿಗಳ ಊಟದ ನಿಧಿ ಅನ್ನುವ ಪ್ರತ್ಯೇಕ ಖಾತೆಗೆ ಹೋಗಬೇಕು, ಊಟಕ್ಕೇ ಖರ್ಚಾಗಬೇಕು. ಆರ್ಥಿಕ ವರ್ಷ ಮುಗಿದಾಗ, ಅಂದರೆ ಸೆಪ್ಟೆಂಬರ್ 30ಕ್ಕೆ, ಕೊಡಬೇಕಾದ ಬಿಲ್ಲುಗಳನ್ನೆಲ್ಲ ಕಳೆದು ಉಳಿದದ್ದರಲ್ಲಿ ಹೆಚ್ಚೆಂದರೆ ಶೇ. 25ರಷ್ಟನ್ನು ಜೈಲು ನಡೆಸಲು ಅಥವಾ ಷೆರಿಫ್ ಕಚೇರಿಯ ಪೊಲೀಸ್ ಕೆಲಸಕ್ಕೆ ಬಳಸಬಹುದು. ಸ್ವಂತಕ್ಕೆ ಒಂದು ಸೆಂಟೂ ಇಲ್ಲ. ಬಿಲ್ ತಡವಾಗಿ ಬಂದಷ್ಟೂ ಸೆಪ್ಟೆಂಬರಿನ ಉಳಿಕೆ ದೊಡ್ಡದಾಗಿ ಕಾಣುತ್ತದೆ, ಆಗ ಶೇ. 25ರ ಲೆಕ್ಕವೂ ಹಿಗ್ಗುತ್ತದೆ. ಆಡಿಟ್‌ನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಕೈದಿಗಳು ಸಾಮಾನು ಕೊಳ್ಳುವ ಜೈಲಿನ ಅಂಗಡಿಯ ಲಾಭ, ಕೈದಿಗಳ ಫೋನ್ ಕರೆಯಿಂದ ಸಿಗುವ ಪಾಲು ಈ ನಿಧಿಯೊಳಗೆ ಬರುವುದಿಲ್ಲ. ಅದಕ್ಕೇ ಒಂದೊಂದು ಕೌಂಟಿಗೂ ಬೇರೆ ಬೇರೆ ಸ್ಥಳೀಯ ಕಾನೂನು.

ವಕೀಲ_ಮಂಜುನಾಥ

ಕಮಿಷನ್ ನಿರ್ಣಯ ಸಾಲದು ಮಾಧುರಿಯವರೇ. ಅಲಬಾಮಾದಲ್ಲಿ ಷೆರಿಫ್ ಚುನಾಯಿತ ಅಧಿಕಾರಿ. ರಾಜ್ಯದ ಸಂವಿಧಾನ ಅವನನ್ನು ರಾಜ್ಯದ ಅಧಿಕಾರಿ ಎನ್ನುತ್ತದೆ, ಕೌಂಟಿಯ ನೌಕರ ಎನ್ನುವುದಿಲ್ಲ. 1997ರಲ್ಲಿ ಮ್ಯಾಕ್‌ಮಿಲಿಯನ್ ವಿರುದ್ಧ ಮನ್ರೋ ಕೌಂಟಿ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪೊಲೀಸ್ ಕೆಲಸದ ಮಟ್ಟಿಗೆ ಇದನ್ನೇ 5–4ರಲ್ಲಿ ಎತ್ತಿಹಿಡಿಯಿತು. ಕಮಿಷನ್ ಬಜೆಟ್ ಕೊಡಬಹುದು, ಅವನ ಕೈಯಲ್ಲಿರುವ ಖಾತೆಗೆ ನಿಯಮ ಹಾಕುವುದು ರಾಜಧಾನಿ ಮಾಂಟ್‌ಗೊಮರಿಯ ಶಾಸನಸಭೆ.

ಸ್ಥಳೀಯ ಮಸೂದೆ ಮುಗ್ಗರಿಸುವುದು ಎರಡು ಕಡೆ. ಸಂವಿಧಾನದ 106ನೇ ಕಲಮಿನ ಪ್ರಕಾರ ಮಸೂದೆ ಮಂಡಿಸುವ ಮುಂಚೆ ಅದರ ಸಾರವನ್ನು ಆ ಕೌಂಟಿಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ ಸತತ ನಾಲ್ಕು ವಾರ ಪ್ರಕಟಿಸಬೇಕು. ಪ್ರಕಟಣೆಯಲ್ಲಿ ಒಂದು, ಪಾಸಾದದ್ದು ಇನ್ನೊಂದು ಆಗಿದ್ದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸದನದಲ್ಲಿ ತಿದ್ದುಪಡಿ ತುರುಕಿದಾಗ ಆಗುವ ಅನಾಹುತ ಇದೇ. ಎರಡನೆಯದು 105ನೇ ಕಲಮು: ಸಾಮಾನ್ಯ ಕಾನೂನು (ಇಡೀ ರಾಜ್ಯಕ್ಕೆ ಅನ್ವಯಿಸುವುದು) ಇರುವ ವಿಷಯಕ್ಕೆ ಸ್ಥಳೀಯ ಕಾನೂನು ತರುವಂತಿಲ್ಲ. ಆದ್ದರಿಂದ ಊಟದ ನಿಧಿಯನ್ನು ಮುಟ್ಟುವ ಸಾಲೇನಾದರೂ ಮಸೂದೆಯಲ್ಲಿದ್ದರೆ ತಕರಾರಿಗೆ ಬಾಗಿಲು ತೆರೆದಂತೆ.

ಲೆಕ್ಕದ_ಸುಮಾ

ಮಸೂದೆ ಓದುವಾಗ ಉದ್ದೇಶದ ಸಾಲಿಗೆ ಮೊದಲು ಹೋಗಿ. "ಪೊಲೀಸ್ ಕೆಲಸಕ್ಕಾಗಿ, ಷೆರಿಫ್‌ನ ವಿವೇಚನೆಯಂತೆ" ಎಂದಷ್ಟೇ ಇದ್ದರೆ ಅದರಲ್ಲಿ ಏನು ಬೇಕಾದರೂ ಹಿಡಿಸುತ್ತದೆ. ಖಾತೆ ಯಾವ ಹೆಸರಿನಲ್ಲಿ, ಚೆಕ್ಕಿಗೆ ಯಾರ ಸಹಿ, ಕಮಿಷನ್‌ಗೆ ಎಷ್ಟು ತಿಂಗಳಿಗೊಮ್ಮೆ ಲೆಕ್ಕ, ಷೆರಿಫ್ ಬದಲಾದರೆ ಉಳಿಕೆ ಯಾರಿಗೆ, ಈ ನಾಲ್ಕಕ್ಕೂ ಮಸೂದೆಯಲ್ಲೇ ಉತ್ತರ ಇರಬೇಕು. ಕೊನೆಯದನ್ನು ತುಂಬ ಜನ ಮರೆಯುತ್ತಾರೆ. ಹಣ ಹುದ್ದೆಗೆ ಸೇರಿದ್ದು, ವ್ಯಕ್ತಿಗಲ್ಲ ಅಂತ ಬರೆದೇ ಇರಲಿ.

ಬರೀ ಬರೆದರೂ ಸಾಲದು ಅನ್ನೋದಕ್ಕೆ ಅದೇ ಮಾರ್ಗನ್ ಕೌಂಟಿ ಇದೆ. ಬಾರ್ಟ್ಲೆಟ್ ಪ್ರಕರಣದ ನಂತರ ಊಟದ ಹಣ ಪೂರ್ತಿ ಊಟಕ್ಕೇ ಅಂತ ಕೋರ್ಟ್ ಆದೇಶವಿತ್ತು. ಆದರೂ 2015ರಲ್ಲಿ ನಂತರದ ಷೆರಿಫ್ ಆನಾ ಫ್ರಾಂಕ್ಲಿನ್ 1,60,000 ಡಾಲರ್ ತೆಗೆದು, 1,50,000ವನ್ನು ಹಳೇ ಕಾರು ಮಾರುವ ಕಂಪನಿಯೊಂದಕ್ಕೆ ಹಾಕಿದರು. 2017ರಲ್ಲಿ ನ್ಯಾಯಾಂಗ ನಿಂದನೆ ಅಂತ ತೀರ್ಪಾಯಿತು, ದಂಡ 1,000 ಡಾಲರ್! ಮಸೂದೆಯಲ್ಲಿ ಶಿಕ್ಷೆಯ ಕಲಮು ಇದೆಯಾ ಅಂತಲೂ ನೋಡಿ.

ಮಾಧುರಿ_ಹಂಟ್ಸ್‌ವಿಲ್

ಧನ್ಯವಾದ. ಆಡಿಟ್ ವರದಿ ಎಲ್ಲಿ ಸಿಗುತ್ತದೆ?

ಲೆಕ್ಕದ_ಸುಮಾ

ಸಾರ್ವಜನಿಕ ಲೆಕ್ಕಪರಿಶೋಧಕರ ರಾಜ್ಯ ಇಲಾಖೆಯ ಜಾಲತಾಣದಲ್ಲಿ ಕೌಂಟಿ ಹೆಸರು ಹಾಕಿ ಹುಡುಕಿ. ಷೆರಿಫ್ ಕಚೇರಿಗೆ ಬೇರೆಯೇ ವರದಿ ಇರುತ್ತದೆ, ಕಮಿಷನ್ ವರದಿಯನ್ನು ತೆರೆದು ಇಲ್ಲ ಅಂತ ವಾಪಸ್ ಬರಬೇಡಿ. ಒಳಗೆ ಅಂಗಡಿಯ ಖಾತೆ ಪ್ರತ್ಯೇಕ ಸಾಲಾಗಿ ಬಂದಿದೆಯಾ, ಹಿಂದಿನ ವರ್ಷದ ಆಕ್ಷೇಪಣೆ ಈ ವರ್ಷವೂ ಇದೆಯಾ, ಅಷ್ಟು ನೋಡಿಕೊಂಡು ಶಾಸಕರ ಕಚೇರಿಗೆ ಫೋನ್ ಮಾಡಿ.