ಬ್ಲೌಸ್ ಹೊಲಿದು ಮಿಕ್ಕಿದ ಚೂರು ಎರಡು ಮೂಟೆ ಇದೆ, ಕೌದಿ ಥರ ಮಾಡೋಕ್ ಹೋಗಿ ಕೆಡಿಸ್ಕೊಂಡೆ, ಯಾರಾದ್ರೂ ದಾರಿ ಹೇಳಿ

ಟೂಬೈಟೂ_ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮನೇಲೇ ಬ್ಲೌಸು, ಚೂಡಿದಾರ, ಮಕ್ಕಳ ಲಂಗ ಅಂತ ಹೊಲಿತೀನಿ, ಏಳೆಂಟು ವರ್ಷ ಆಯ್ತು. ಒಂದು ಚೂರೂ ಬಿಸಾಕಲ್ಲ, ಅದು ಅಮ್ಮನಿಂದ ಬಂದ ಚಟ. ಟೂ ಬೈ ಟೂ ಅನ್ನೋ ಬ್ಲೌಸ್ ಬಟ್ಟೆ ಪೀಸು, ಲೈನಿಂಗು, ಪ್ರಿಂಟೆಡ್ ಕಾಟನ್ನು, ಆರ್ಟ್ ಸಿಲ್ಕು, ಜಾರ್ಜೆಟ್ಟು ಎಲ್ಲಾ ಸೇರಿ ಮಂಚದ ಕೆಳಗೆ ಎರಡು ಅಕ್ಕಿಮೂಟೆ ತುಂಬಿದೆ, ನಮ್ಮನೆಯವ್ರು ಪ್ರತಿ ಹಬ್ಬದ ಕ್ಲೀನಿಂಗಲ್ಲೂ ಕಸದ ಗಾಡಿಗೆ ಹಾಕ್ತೀನಿ ಅಂತ ಹೆದರಿಸ್ತಾರೆ.

ತಂಗಿಗೆ ಮಗು ಆಯ್ತಲ್ಲ ಅಂತ ಈ ಸಲ ಧೈರ್ಯ ಮಾಡಿ ಕೂತೆ. 5 ಇಂಚಿನ ಚೌಕ 80 ಕತ್ತರಿಸಿದೆ, ಅಡ್ಡಕ್ಕೆ 8, ಉದ್ದಕ್ಕೆ 10. ಹೊಲಿಗೆಗೆ ಕಾಲಿಂಚು ಬಿಟ್ರೆ ಒಂದೊಂದು ಚೌಕ ನಾಲ್ಕೂವರೆ ಆಗತ್ತೆ, ಅಂದ್ರೆ ಒಟ್ಟು 36ಕ್ಕೆ 45 ಇಂಚು. ಜೋಡಿಸಿ ಮುಗಿಸಿದಾಗ ನಿಜವಾಗ್ಲೂ ಚೆನ್ನಾಗಿತ್ತು, ಗೋಡೆಗೆ ಹಾಕಿ ದೂರದಿಂದ ನೋಡ್ಕೊಂಡು ನಿಂತಿದ್ದೆ. ಆಮೇಲೆ ಅಂಗಡಿಯಿಂದ ಸ್ಪಂಜ್ ಥರ ಬಿಳಿ ಶೀಟ್ ತಂದು ಮಧ್ಯ ಇಟ್ಟು ಕೆಳಗೊಂದು ಬಟ್ಟೆ ಕೊಟ್ಟು ಮಷಿನ್ನಲ್ಲಿ ಎಡಗಡೆ ತುದಿಯಿಂದ ಗೆರೆ ಹೊಡೀತಾ ಬಂದೆ. ಐದನೇ ಗೆರೆಗೆ ಮೇಲಿನ ಬಟ್ಟೆ ಅಲೆ ಅಲೆ ಆಗೋಕೆ ಶುರು, ಬಲಗಡೆ ತುದಿಗೆ ಬರೋಷ್ಟರಲ್ಲಿ ಮೇಲಿನದು ಎರಡು ಮೂರಿಂಚು ಜಾಸ್ತಿ ಉಳೀತು! ಅದನ್ನ ಮಡಚಿ ಮುಚ್ಚಿ ಹಾಕೋಣ ಅಂತ ಇಸ್ತ್ರಿ ಮಾಡಿದ್ರೆ ಒಂದು ಚೌಕ ಇಸ್ತ್ರಿ ಪೆಟ್ಟಿಗೆಗೇ ಅಂಟ್ಕೊಂಡು ಬಂತು. ಕೊನೆಗೆ ಒಗೆದೆ, ಮರೂನ್ ಬಣ್ಣ ಬಿಟ್ಟು ಪಕ್ಕದ ಕ್ರೀಮ್ ಪೀಸೆಲ್ಲಾ ಪಿಂಕು.

ಎಲ್ಲಿ ತಪ್ಪಿದೆ ನಾನು? ಕೈಯಲ್ಲೇ ಹೊಲಿಯೋದು ಒಳ್ಳೇದಾ, ಎಷ್ಟು ದಿನ ಹಿಡಿಯತ್ತೆ? ಮಿಕ್ಕಿದ ಚೂರಲ್ಲಿ ಕೌದಿ ಬಿಟ್ಟು ಬೇರೆ ಏನು ಮಾಡ್ಬಹುದು, ಅದನ್ನೂ ಹೇಳಿ ಪ್ಲೀಸ್.

ದುರ್ಗದಬೈಲ್_ಹುಬ್ಬಳ್ಳಿ

ಅಕ್ಕಾರ, ಮೊದಲ ಆ ಸ್ಪಂಜ್ ಕಿತ್ತ ಒಗೀರಿ. ಕೌದಿಗೆ ಸ್ಪಂಜ್ ಯಾಕ್ರಿ ಬೇಕು? ಹಳೇ ಸೀರೀನ ಅದರ ಹೊಟ್ಟಿ. ನಮ್ಮ ಕಡೆ ಯಾರೂ ಕೌದಿ ಸಲುವಾಗಿ ಹೊಸಾ ಅರಬಿ ಕೊಂಡಿದ್ದು ನಾ ನೋಡಿಲ್ಲ. ಉಟ್ಟು ಉಟ್ಟು, ಒಗದು ಒಗದು ಮೆತ್ತಗ ಆಗಿರ್ತೈತಲ್ಲ, ಅಂಥಾ ಸೀರೀನ ಆಗಬೇಕು. ಅದು ಇನ್ನ ಕುಗ್ಗಂಗಿಲ್ಲ, ಬಣ್ಣ ಬಿಡಂಗಿಲ್ಲ, ಯಾಕಂದ್ರ ಕುಗ್ಗೂದು ಬಿಡೂದು ಎಲ್ಲಾ ಹತ್ತು ವರ್ಷದ ಹಿಂದ ಮುಗಿಸಿರ್ತೈತಿ.

ಲೆಕ್ಕ ಹೇಳ್ತೀನಿ ಕೇಳ್ರಿ. ಸೀರಿ ಐದೂವರೆ ಮೀಟರ್ ಅಂದ್ರ 216 ಇಂಚು. 72 ಇಂಚಿಂದು ಮೂರು ತುಂಡು ಆಗ್ತಾವು, ಅಗಲ ಹೆಂಗಿದ್ರೂ 45ರ ಮ್ಯಾಲ ಇರ್ತೈತಿ. ಒಬ್ಬರು ಹೊದ್ದುಕೊಳ್ಳೂ ಕೌದಿಗೆ ಒಂದ ಸೀರಿಯೊಳಗ ಮೂರು ಪದರ ಬಂತು ನೋಡ್ರಿ. ಛಳಿಗೆ ಅಂದ್ರ ಇನ್ನೊಂದು ಸೀರಿ. ನಿಮ್ಮ ಕೂಸಿನ ಅಳತಿಗೆ ಅಂತೂ ಅರ್ಧ ಸೀರಿ ಸಾಕು. ಫಾಲ್ ಬಿಚ್ಚಿ ತಗೀರಿ, ಅಂಚು ದಪ್ಪ ಇದ್ರ ಅದನ್ನೂ ಬಿಚ್ರಿ, ಜರಿ ಇರೂ ಸೆರಗು ಬ್ಯಾಡ, ಸೂಜಿ ಹೋಗಂಗಿಲ್ಲ ಮತ್ತ ಕೂಸಿಗೆ ಚುಚ್ಚತೈತಿ.

ಕೈ ಹೊಲಿಗಿ ಎಷ್ಟು ದಿನಾ ಅಂದ್ರಿ. ನಾ ಮಧ್ಯಾಹ್ನ ಊಟಾ ಆದಮ್ಯಾಲ ತಾಸು ಒಂದೂವರಿ ತಾಸು ಕೂಡ್ತೀನಿ, ಒಬ್ಬರ ಕೌದಿ ತಿಂಗಳಾ ಒಂದೂವರಿ ತಿಂಗಳಾ ಹಿಡೀತೈತಿ. ಗೆರಿಯಿಂದ ಗೆರಿಗೆ ಒಂದು ಬೆರಳು ಅಂತರ. ಹತ್ತಿರ ಹತ್ತಿರ ಹೊಲದ್ರ ಗಟ್ಟಿ ಬರ್ತೈತಿ ಖರೆ, ಆದ್ರ ಬಿರುಸ ಆಗ್ತೈತಿ, ಕೂಸಿಗೆ ಬ್ಯಾಡ. ದಾರಾ ಭಾಳ ಉದ್ದ ಹಾಕ್ಬ್ಯಾಡ್ರಿ, ಒಂದು ಮೊಳಾ ಸಾಕು, ಇಲ್ಲಂದ್ರ ಗಂಟು ಬಿಡಸೂದ್ರಾಗ ಸಂಜಿ ಆಗ್ತೈತಿ.

ನಮ್ಮ ಆಯಿ ಕಾಲಕ್ಕ ಕೌದಿ ಹೊಲಿಯೂ ಹೆಣ್ಮಕ್ಕಳು ಓಣಿ ಓಣಿ ಕೂಗ್ಕೋತ ಬರ್ತಿದ್ರು, ಕಟ್ಟಿ ಮ್ಯಾಲ ಕೂತು ಹೊಲದು ಕೊಟ್ಟು ಜ್ವಾಳ, ರೊಕ್ಕ ಇಸ್ಕೊಂಡು ಹೋಗ್ತಿದ್ರು. ಆಯಿ ಹಳೇ ಇಳಕಲ್ ಸೀರಿ, ಖಣದ ಕುಬಸದ ತುಂಡು ಎಲ್ಲಾ ಗಂಟು ಕಟ್ಟಿ ಅವರಿಗಂತನ ಇಡ್ತಿದ್ಲು. ಆ ಕೌದಿ ಇನ್ನೂ ಐತಿ ನಮ್ಮನ್ಯಾಗ. ಮ್ಯಾಲಿನ ಪದರ ಹರದಲ್ಲಿ ಒಳಗಿನ ಸೀರಿ ಕಾಣ್ತೈತಿ, ಅದು ಇನ್ನೂ ಹಳೀದು.

ಬಾಬಿನ್_ಬಸವನಗುಡಿ

ಮೇಡಂ, ನಾನು ಗಂಡಸು, ಐಟಿ ಕೆಲಸ, ಸಂಜೆ ಹೊಲಿಗೆ ಮಷಿನ್. ನಗೋರು ನಗಲಿ. ನಿಮಗೆ ಆದದ್ದೇ ನನಗೂ ಆಗಿ ಮೂರು ಸಲ ಬಿಚ್ಚಿದೀನಿ, ಅದಕ್ಕೇ ಹೇಳ್ತೀನಿ.

ಮಷಿನ್ನಲ್ಲಿ ಕೆಳಗಿರೋ ಹಲ್ಲು ಕೆಳಗಿನ ಬಟ್ಟೇನ ಮಾತ್ರ ಎಳಿಯತ್ತೆ. ಮೇಲಿನದನ್ನ ಪ್ರೆಸರ್ ಫೂಟ್, ಅಂದ್ರೆ ಸೂಜಿ ಪಕ್ಕದ ಲೋಹದ ಪಾದ, ಒತ್ತಿ ಹಿಡ್ಕೊಂಡಿರತ್ತೆ. ಬ್ಲೌಸಿಗೆ ಎರಡೇ ಪದರ, ನೀವು ಕೈಯಲ್ಲೇ ಸರಿ ಮಾಡ್ಕೋತೀರ, ಗೊತ್ತಾಗಲ್ಲ. ಮಧ್ಯ ಮೆತ್ತನೆ ಶೀಟ್ ಇಟ್ಟಾಗ ಪ್ರತಿ ಗೆರೆಗೂ ಮೇಲಿನ ಬಟ್ಟೆ ಒಂದು ಕೂದಲೆಳೆಯಷ್ಟು ಮುಂದಕ್ಕೆ, ಪಕ್ಕಕ್ಕೆ ತಳ್ಳಿಸ್ಕೊಂಡು ಹೋಗತ್ತೆ. ನೀವು ಎಡತುದಿಯಿಂದ ಶುರು ಮಾಡಿದ್ರಿಂದ ಆ ತಳ್ಳಾಟ ಎಲ್ಲಾ ಬಲತುದೀಲಿ ಬಂದು ಗುಡ್ಡೆ ಬಿತ್ತು, ಅಷ್ಟೇ. ಮಧ್ಯದ ಗೆರೆ ಮೊದಲು ಹೊಡೀರಿ, ಅಲ್ಲಿಂದ ಬಲಕ್ಕೊಂದಿಷ್ಟು, ತಿರುಗಿಸಿ ಎಡಕ್ಕೊಂದಿಷ್ಟು. ಆಗ ಉಳಿಯೋದು ಎರಡೂ ಕಡೆಗೆ ಹಂಚಿ ಹೋಗತ್ತೆ. ಅದಕ್ಕೂ ಮುಂಚೆ ಮೂರೂ ಪದರ ನೆಲದ ಮೇಲೆ ಹಾಸಿ, ಕೆಳಗಿನದನ್ನ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚೋ ಉದ್ದುದ್ದ ಹೊಲಿಗೆ) ಹಾಕಿ. ಸೇಫ್ಟಿ ಪಿನ್ ಆದ್ರೂ ಆಯ್ತು. ಹೊಲಿಗೆ ಉದ್ದ ಸ್ವಲ್ಪ ಜಾಸ್ತಿ ಮಾಡಿ, ಫೂಟ್ ಒತ್ತೋ ಪ್ರೆಸರ್ ಕಮ್ಮಿ ಮಾಡಿ, ಸೂಜಿ 16 ನಂಬರ್ ಹಾಕಿ.

ಇಸ್ತ್ರಿಗೆ ಅಂಟಿದ್ದು ಸಿಂಥೆಟಿಕ್ಕೇ, ಡೌಟೇ ಇಲ್ಲ. ಟೂ ಬೈ ಟೂ ಅಂತ ಕೊಡೋದ್ರಲ್ಲೂ ಈಗ ಮಿಕ್ಸ್ ಇರತ್ತೆ, ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಒಂದೆರಡು ಎಳೆ ಬಿಡಿಸಿ ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿ, ಸಿಂಕ್ ಹತ್ರ ನಿಂತು ಮಾಡಿ ಮತ್ತೆ. ಕಾಟನ್ ಆದ್ರೆ ಪೇಪರ್ ಸುಟ್ಟ ವಾಸನೆ, ಬೂದಿ ಮುಟ್ಟಿದ್ರೆ ಪುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಥರ ಆಗತ್ತೆ. ಕೂದಲು ಸುಟ್ಟ ವಾಸನೆ ಬಂದ್ರೆ ಅಸಲಿ ರೇಷ್ಮೆ, ಆ ಚೂರು ನನಗೆ ಕಳಿಸಿ 😄

ನಾವು ಚೂರನ್ನ ಬಣ್ಣ ನೋಡಿ ಜೋಡಿಸ್ತೀವಲ್ಲ, ಅದೇ ಮೊದಲ ತಪ್ಪು. ಕಾಟನ್ ಒಂದು ಚೀಲ, ಸಿಂಥೆಟಿಕ್ ಒಂದು ಚೀಲ, ದಪ್ಪದ್ದು ಒಂದು. ಬಣ್ಣ ಆಮೇಲೆ. ಮರೂನು, ಕೆಂಪು, ಕಪ್ಪು, ಕಡುನೀಲಿ ಮಾತ್ರ ಬಿಸಿನೀರಲ್ಲಿ ಸೋಪು ಹಾಕಿ ಬೇರೆ ಬೇರೆ ಬಟ್ಟಲಲ್ಲಿ ನೆನೆಸಿ, ನೀರು ತಿಳಿ ಆಗೋವರೆಗೂ ಒಗೆದು, ಒದ್ದೆ ಇದ್ದಾಗ್ಲೇ ಬಿಳಿ ಬಟ್ಟೆ ಮೇಲಿಟ್ಟು ಒತ್ತಿ ನೋಡಿ. ಕಲೆ ಬಿದ್ರೆ ಅದು ಕೌದಿಗೆ ಬೇಡ.

ಹುಬ್ಬಳ್ಳಿ ಅಕ್ಕ ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದ್ರೆ ಎಲ್ಲರಿಗೂ ತಿಂಗಳುಗಟ್ಲೆ ಕೂರೋಕೆ ಟೈಮ್ ಎಲ್ಲಿದೆ?

ಕಾಡಂಚಿನ_ಯಲ್ಲಾಪುರ

ಮಧ್ಯದಿಂದನೇ ಶುರು ಮಾಡ್ಬೇಕು ಅಂತೇನಿಲ್ಲ. ನಮ್ಮ ಕಡೆ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕವಂದಿ, ಅವರ ಥರದ ಕೌದಿ, ಯಾರಾದ್ರೂ ನೋಡಿದ್ರೆ ಗೊತ್ತಿರತ್ತೆ, ಅವರು ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತು ಹಾಕ್ತಾ ಹಾಕ್ತಾ ಒಳಗೆ ಬರ್ತಾರೆ, ಕೊನೆ ಹೊಲಿಗೆ ನಡುವಲ್ಲಿ ಮುಗಿಯೋದು. ನಾನು ಪಕ್ಕದ ಕೇರಿಯ ಒಬ್ಬ ಅಜ್ಜಿ ಹತ್ರ ಒಂದು ಮಳೆಗಾಲ ಪೂರ್ತಿ ಕೂತು ನೋಡಿದ್ದು. ನಿಮ್ಮ ಥರ ಅವರು ಚೌಕ ಕತ್ತರಿಸಲ್ಲ, ಅಳೆಯೋದೇ ಇಲ್ಲ, ಪಿನ್ನೂ ಇಲ್ಲ. ಹಿಂದೆ ಒಂದು ಸೀರೆ ಹಾಸಿಕೊಂಡು, ಚೂರು ಇಟ್ಟು, ಅದರ ಅಂಚನ್ನ ಸೂಜಿ ತುದಿಯಲ್ಲೇ ಒಳಗೆ ಮಡಚ್ತಾ ಎಲ್ಲಾ ಪದರಕ್ಕೂ ಸೇರಿಸಿ ಹೊಲೀತಾ ಹೋಗೋದು. ಮೇಲ್ಪದರ ಅಂತ ಮೊದಲೇ ಜೋಡಿಸಿ ಇಟ್ಟಿರಲ್ಲ ಅಲ್ವಾ, ಹಾಗಾಗಿ ಎಲ್ಲಾದ್ರೂ ಬಟ್ಟೆ ಉಬ್ಬಿದ್ರೆ ಮುಂದಿನ ಚೂರನ್ನ ಚೂರೇ ಚೂರು ಈಚೆ ಇಟ್ರಾಯ್ತು. ಹೊಲಿತಾನೇ ಸರಿ ಆಗ್ತಾ ಹೋಗತ್ತೆ.

ಆ ಅಜ್ಜಿ ಕೈ ನೋಡ್ಬೇಕಿತ್ತು ನೀವು. ಎಡಗೈ ಕೌದಿ ಕೆಳಗೆ, ಸೂಜಿ ತುದಿ ಬೆರಳಿಗೆ ಹೀಗೆ ತಾಗಿದ್ದೇ ತಡ ಮೇಲಕ್ಕೆ ತಿರುಗತ್ತೆ, ನಾಲ್ಕೈದು ಹೊಲಿಗೆ ಒಟ್ಟಿಗೆ ಸೂಜಿ ಮೇಲೆ ಏರಿಸ್ಕೊಂಡು ಒಂದೇ ಸಲ ಎಳೆಯೋದು. ಮಾತು ಒಂದು ಕಡೆ, ಎಲೆ ಅಡಿಕೆ ಒಂದು ಕಡೆ, ಗೆರೆ ಮಾತ್ರ ಸೊಟ್ಟ ಆಗಲ್ಲ. ಸೊಟ್ಟ ಆದ್ರೂ ಚೆಂದವೇ.

ಎಲ್ಲಾ ಮುಗಿದ ಮೇಲೆ ನಾಲ್ಕೂ ಮೂಲೆಗೆ ಬಟ್ಟೆ ತ್ರಿಕೋನ ಮಡಚಿ ಒಂದರ ಮೇಲೊಂದು ಕೂರಿಸಿ ಹೊಲೀತಾರೆ, ಅದಕ್ಕೆ ಫುಲ ಅಂತಾರೆ, ಹೂವು. ಅದಿಲ್ದೆ ಹೋದ್ರೆ ಕವಂದಿ ಮುಗಿದ ಹಾಗಲ್ಲ. ನೀವೂ ನಿಮ್ಮದಕ್ಕೆ ಹಾಕಿ ನೋಡಿ, ಎರಡಿಂಚಿನ ಚೂರುಗಳಿಗೆ ಇದಕ್ಕಿಂತ ಒಳ್ಳೇ ಉಪಯೋಗ ಇಲ್ಲ. ಮತ್ತೆ ನಮ್ಮೂರ ಥರ ಮಳೆ ಇದ್ರೆ ಆರೇಳು ಪದರ ಹಾಕ್ಬೇಡಿ, ಜೂನಲ್ಲಿ ಒಗೆದದ್ದು ಒಣಗೋಕೆ ಸೆಪ್ಟೆಂಬರ್ ಬರತ್ತೆ, ಅಷ್ಟರಲ್ಲಿ ಬೂಸ್ಟು.

ಬಾಬಿನ್_ಬಸವನಗುಡಿ

ಓ ಹೌದು, ಇದು ಸರಿ. ಮೇಲ್ಪದರ ರೆಡಿ ಇದ್ರೆ ಮಧ್ಯದಿಂದ, ಚೂರು ಚೂರೇ ಕೂರಿಸ್ತಾ ಹೋಗೋದಾದ್ರೆ ಅಂಚಿನಿಂದ. ಮಷಿನ್ನಲ್ಲಿ ಎರಡನೇದು ಮಾಡೋಕೆ ಹೋಗ್ಬೇಡಿ ಮಾತ್ರ.

ಬೊಂತೆ_ತುಮಕೂರು

ನಮ್ಮಲ್ಲಿ ಇದಕ್ಕೆ ಬೊಂತೆ ಅಂತೀವಿ, ಅಷ್ಟೇ ಹೇಳೋಣ ಅಂತ ಬಂದೆ. ಬಂದಿದ್ದಕ್ಕೆ ಮಿಕ್ಕ ಪ್ರಶ್ನೆಗೂ ಉತ್ತರ ಹೇಳ್ಬಿಡ್ತೀನಿ, ಅದನ್ನ ಯಾರೂ ಮುಟ್ಟಲೇ ಇಲ್ಲ.

ಸಿಂಥೆಟಿಕ್ ಚೂರಲ್ಲಿ ಎಲ್ರೂ ಕಾಲೊರಸು ಮಾಡಿ ಅಂತಾರೆ, ಯೂಟ್ಯೂಬಲ್ಲೂ ಅದೇ. ಮಾಡ್ಬೇಡಿ. ನೀರು ಹೀರಲ್ಲ, ಟೈಲ್ಸ್ ಮೇಲೆ ಜಾರತ್ತೆ, ನಮ್ಮತ್ತೆ ಬಚ್ಚಲಮನೆ ಬಾಗ್ಲಲ್ಲಿ ಜಾರಿ ಒಂದು ವಾರ ಸೊಂಟ ಹಿಡ್ಕೊಂಡು ಓಡಾಡಿದ್ರು, ಹಾಸಿದ್ದು ನಾನು, ಬೈಸ್ಕೊಂಡಿದ್ದೂ ನಾನೇ. ಕಾಲೊರಸಿಗೆ ಹಳೇ ಕಾಟನ್ ನೈಟಿ, ಬನಿಯನ್ನು, ಬೆಡ್‌ಶೀಟು. ಎರಡಿಂಚಿನ ಪಟ್ಟಿ ಹರಿದು ಮೂರು ಕಾಲು ಜಡೆ ಹೆಣೆದು ಸುರುಳಿ ಸುತ್ತಿ ಸುತ್ತಿ ಪಕ್ಕಕ್ಕೆ ಪಕ್ಕ ಹೊಲಿಯೋದು. ಬೇಗ ಬೇಗ ಮುಗಿಸೋಕೆ ಅಂತ ಎಳೆದು ಸುತ್ತಿದ್ರೆ ಬಟ್ಟಲ ಥರ ಮೇಲೇಳತ್ತೆ, ಸಡಿಲ ಬಿಡಿ.

ಸಿಂಥೆಟಿಕ್ಕು, ಆರ್ಟ್ ಸಿಲ್ಕು ಎಲ್ಲಾ ಚೀಲಕ್ಕೆ. ಎಲೆ ಅಡಿಕೆ ಸಂಚಿ ನೋಡಿದೀರಲ್ಲ, ಒಂದರೊಳಗೊಂದು ಖಾನೆ, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ದಾರ ಎಳೆದ್ರೆ ಬಾಯಿ ಮುಚ್ಚತ್ತೆ. ನಾನು ಅದೇ ಅಳತೇಲಿ ಚಾರ್ಜರ್, ಇಯರ್‌ಫೋನು ಇಡೋಕೆ ಮಾಡಿ ಕಾಲೇಜ್ ಹುಡುಗೀರಿಗೆ ಕೊಟ್ಟೆ, ಅಜ್ಜಿ ಸಂಚಿ ಅಂತ ಗೊತ್ತೇ ಇಲ್ಲ ಅವಕ್ಕೆ. ಮಗು ಇದೆ ಅಂದ್ರಲ್ಲ, ಮೆತ್ತನೆ ಕಾಟನ್ ಚೂರು ಜೋಡಿಸಿ ಕುಂಚಿಗೆ ಹೊಲೀರಿ, ಉದ್ದ ತುಂಡನ್ನ ಅರ್ಧಕ್ಕೆ ಮಡಚಿ ಒಂದು ಪಕ್ಕದಲ್ಲಿ ತಲೆ ಭಾಗಕ್ಕೆ ಮಾತ್ರ ಹೊಲಿಗೆ ಹಾಕಿದ್ರೆ ಟೋಪಿ ಆಗತ್ತೆ, ಉಳಿದದ್ದು ಬೆನ್ನಿಗೆ ಇಳಿ ಬೀಳತ್ತೆ. ಮಣಿ, ಗೆಜ್ಜೆ, ಚಮಕಿ ಹಾಕ್ಬೇಡಿ, ಬಾಯಿಗೆ ಹಾಕ್ಕೊಳ್ಳತ್ತೆ. ಕೌದೀನೂ ಅಷ್ಟೇ, ಪುಟ್ಟ ಮಗುಗೆ ಹೊದಿಸಬೇಡಿ, ಮುಖದ ಮೇಲೆ ಬೀಳತ್ತೆ, ಕೆಳಗೆ ಹಾಸೋಕೆ ಇರಲಿ.

ಇನ್ನೂ ಸಣ್ಣ ಚೂರು, ದಾರದ ಕಸ, ಅದೆಲ್ಲಾ ಸೂಜಿ ಚುಚ್ಚೋ ದಿಂಬಿಗೆ ತುಂಬಿ. ಆಮೇಲೂ ಮಿಕ್ಕಿದ್ರೆ ನಿಮ್ಮನೆಯವ್ರ ಮಾತು ಕೇಳಿ 🙏

ಟೂಬೈಟೂ_ಮೈಸೂರು

ಮೂರು ವಾರ ಆಯ್ತು ಬರೆದು, ಕ್ಷಮಿಸಿ ಎಲ್ಲರೂ. ಇಷ್ಟು ದಿನ ಬಿಚ್ಚಿದ್ದೇ ಕೆಲಸ. ಗೆರೆ ಬಿಚ್ಚಿ ಶೀಟ್ ತೆಗೆದೆ (ಹುಬ್ಬಳ್ಳಿ ಅಕ್ಕ, ನಿಮ್ಮ ಮಾತು ಕೇಳಿ ಬಿಸಾಕೋಕೆ ಮನಸ್ಸು ಬರ್ಲಿಲ್ಲ, ದಿಂಬಿಗೆ ತುಂಬಿದೆ). ಅಮ್ಮನ ಹತ್ರ ಹಳೇ ಸೀರೆ ಕೇಳಿದ್ರೆ ಮೊದಲು ಯಾವುದೂ ಇಲ್ಲ ಅಂದ್ರು, ಮಗುಗೆ ಅಂದ ತಕ್ಷಣ ಟ್ರಂಕಿಂದ ಮೂರು ಬಂತು. ಒಂದು ತಿಳಿಹಸಿರು ವಾಯಿಲ್ ಸೀರೆ, ತೆಳು ಅಂಚು, ನಾನು ಸ್ಕೂಲಿಗೆ ಹೋಗೋವಾಗ ಅಮ್ಮ ಅದನ್ನೇ ಉಡ್ತಿದ್ದಿದ್ದು ನೆನಪಿದೆ. 36 ಇಂಚಿಗೆ ಒಂದರಂತೆ ಕತ್ತರಿಸಿದ್ರೆ ಆರು ತುಂಡು ಬಂತು, ಮೂರು ಹಾಕಿದೆ, ಮೂರು ಎತ್ತಿಟ್ಟೆ.

ಮೇಲ್ಪದರ ಹೆಂಗಿದ್ರೂ ರೆಡಿ ಇತ್ತಲ್ಲ, ಅದಕ್ಕೇ ನೆಲಕ್ಕೆ ಟೇಪ್ ಹಾಕಿ ಕಚ್ಚಾ ಹೊಲಿಗೆ ಹಾಕ್ಕೊಂಡು ಕೈಯಲ್ಲೇ ಮಧ್ಯದಿಂದ ಹೊಲೀತಿದೀನಿ. ಅರ್ಧಕ್ಕಿಂತ ಜಾಸ್ತಿ ಆಗಿದೆ, ಒಂದೂ ಅಲೆ ಇಲ್ಲ!! ಕರಗಿ ಹೋಗಿದ್ದ ಚೌಕದ ಮೇಲೆ ಕೆಂಪು ತುಂಡು ಅಂಚು ಮಡಚಿ ಕೂರಿಸಿದೆ, ಯಲ್ಲಾಪುರದೋರು ಹೇಳಿದ ಹಾಗೆ ಸೂಜಿ ತುದೀಲೇ. 80ರಲ್ಲಿ ಅದೊಂದೇ ಬೇರೆ ಥರ, ತಂಗಿ ಫೋಟೋ ನೋಡಿ ಡಿಸೈನ್ ಅಂದ್ಕೊಂಡ್ಳು, ನಾನೂ ಹೌದು ಅಂದೆ. ಪಿಂಕ್ ಆದ ಕ್ರೀಮ್ ಪೀಸು ಹಾಗೇ ಬಿಟ್ಟಿದೀನಿ.

ಒಂದು ತೊಂದ್ರೆ. ಬ್ಲೌಸಿನ ಹುಕ್ಸು, ಫಾಲ್ ಹೊಲಿಯೋ ಕೈ ನಂದು, ಇಷ್ಟು ಪದರಕ್ಕೆ ಸೂಜಿ ತಳ್ಳಿ ತಳ್ಳಿ ನಡುಬೆರಳು ತೂತು ಬಿದ್ದಿದೆ, ಪ್ಲಾಸ್ಟರ್ ಸುತ್ಕೊಂಡು ಹೊಲೀತಿದೀನಿ. ಬೆರಳಿಗೆ ಹಾಕ್ಕೊಳೋ ಕಬ್ಬಿಣದ ಟೋಪಿ ಬರತ್ತಲ್ಲ, ಏನಂತ ಕೇಳ್ಬೇಕು ಅಂಗಡೀಲಿ?

ದುರ್ಗದಬೈಲ್_ಹುಬ್ಬಳ್ಳಿ

ಅಂಗುಸ್ತಾನ ಅಂತ ಕೇಳ್ರಿ, ಟೇಲರ್ ಸಾಮಾನಿನ ಅಂಗಡ್ಯಾಗ ಸಿಗ್ತೈತಿ. ಬೆರಳಿಗೆ ಹಾಕಿ ಕೈ ಕೆಳಗ ಮಾಡಿ ಝಾಡಿಸಿ ನೋಡ್ರಿ, ಬೀಳಬಾರದು. ಫೋಟೋ ಹಾಕ್ರಿ ಮುಗಿದಮ್ಯಾಲ, ಹಿಂದಿನ ಮಗ್ಗಲಾನೂ ಹಾಕ್ರಿ, ನಮಗ ಹೊಲಿಗಿ ನೋಡಬೇಕು.